ಸಾಹೇಬರ ಮಫ್ಲರ್
ಸರ್ಕಾರದ ಅನುದಾನವನ್ನು ಆಟಗಳಿಗೆ ಹಂಚುವ ಗುರುಸಿದ್ದಯ್ಯ ಸಾಹೇಬರು ಧಾರವಾಡದ ಏಪ್ರಿಲ್ ಬಿಸಿಲಿನಲ್ಲೂ ಕಿವಿ ಮುಚ್ಚಿ ಮಫ್ಲರ್ ಸುತ್ತಿಕೊಂಡೇ ಕೂಡುತ್ತಾರೆ. ಟೆನಿಸ್‌ನವರು ಬಂದರೆ ಎದ್ದು ನಿಂತು ಚಹಾ ತರಿಸುತ್ತಾರೆ, ಹಾಕಿಯವರಿಗೆ ಕುರ್ಚಿ ತೋರಿಸುತ್ತಾರೆ. ಕುಸ್ತಿಯವರಿಗೆ ಮಾತ್ರ ತಲೆ ಎತ್ತದೆ, “ಮುಂದಿನ ವರ್ಷ ನೋಡೂಣ್ರಿ” ಎನ್ನುತ್ತಾರೆ. ಮೊನ್ನೆ ಕೆಲಗೇರಿ ಗರಡಿಯಲ್ಲಿ ಪಟ್ಟು ಕಲಿಸುವ ಮುದಿ ವಸ್ತಾದ ಗಿರಿಯಪ್ಪ ಬಂದ. “ಅಖಾಡದ ಮಣ್ಣು ಕಲ್ಲಾಗೇತಿ, ಹೊಸಾ ಕೆಮ್ಮಣ್ಣಿಗೆ ರೊಕ್ಕ ಕೊಡ್ರಿ ಅಂತ ವರ್ಷಾ ವರ್ಷಾ ಕೇಳೇನ್ರಿ. ನಿನ್ನೆ ನಮ್ಮ ಪೈಲವಾನ ಲೋಹಿತ ಬಿದ್ದು, ಕುತ್ತಿಗಿ ಮುರದು ಸತ್ತ” ಎಂದ. ಸಾಹೇಬರ ಬಾಯಿಗೆ ರೂಢಿಯಂತೆ “ಮುಂದಿನ ವರ್ಷ” ಬಂತು. “ಮಫ್ಲರ್ ತಗದು ಕೇಳೋ, ಗುರುಸಿದ್ದಾ” ಎಂದ ಗಿರಿಯಪ್ಪ. ತೆಗೆದರು. ವರ್ಷಗಟ್ಟಲೆ ಕುಸ್ತಿ ಹಿಡಿದು ಜಜ್ಜಿಹೋಗಿ, ಗಂಟುಗಟ್ಟಿದ ಕಿವಿಗಳು. ಅದೇ ಅಖಾಡದಲ್ಲಿ ಅವರಿಗೆ ಕುಸ್ತಿ ಕಲಿಸಿದವನು ಗಿರಿಯಪ್ಪ. ಆಗ ಮಣ್ಣು ಮೆತ್ತಗಿತ್ತು.