ಭಾವನ ಕಾಲು, ಶುಂಠಿ ಹೊಲದ ಮಣ್ಣು

ಹೊಸ ಔಷಧ ಹುಡುಕುವವನು ಎಂದರೆ ಕಾಡುಮೇಡು ಅಲೆಯುವವನು ಎಂದುಕೊಳ್ಳುತ್ತಾರೆ. ನಾನು ಅಲೆದದ್ದು ನೆಂಟರ ಹೊಲಗಳಲ್ಲಿ. ಮಣ್ಣಿನ ಬ್ಯಾಕ್ಟೀರಿಯಾಗಳು ಒಂದನ್ನೊಂದು ಕೊಲ್ಲಲು ವಿಷ ಉಗುಳುತ್ತವೆ. ಅದರಲ್ಲಿ ನಮ್ಮ ರೋಗಾಣುಗಳನ್ನು ಕೊಲ್ಲುವಂಥದ್ದು ಯಾವುದೆಂದು ಹಾಸನದ ಲ್ಯಾಬಿನಲ್ಲಿ ಹುಡುಕುವುದು ನನ್ನ ಕೆಲಸ. ಹಳ್ಳಿಮೈಸೂರಿನ ಅಕ್ಕನ ಶುಂಠಿ ಹೊಲದಿಂದಲೂ ಒಂದು ಕವರ್ ಮಣ್ಣು ತಂದಿದ್ದೆ. ಅಗೆದು ಕೊಟ್ಟವರು ಭಾವ. “ಕೊಳೆ ರೋಗ ಬುಟ್ರೆ ಇದ್ರಲ್ಲಿ ಏನೂ ಇಲ್ಲ ಕಣಪ್ಪ,” ಎಂದು ನಕ್ಕಿದ್ದರು.

ಆ ಮಳೆಗಾಲದಲ್ಲೇ ಅವರ ಪಾದಕ್ಕೆ ಗುದ್ದಲಿ ತಗುಲಿತು. ಮೊದಲೇ ಸಕ್ಕರೆ ಕಾಯಿಲೆ, ಗಾಯ ಮಾಯಲಿಲ್ಲ. ಹೊಳೆನರಸೀಪುರದಲ್ಲಿ ತೋರಿಸಿ, ಕೊನೆಗೆ ಹಾಸನದ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಮೊಣಕಾಲಿನವರೆಗೆ ಕಪ್ಪಾಗಿತ್ತು. ಕಾಲು ತೆಗೆದರೂ ಸೋಂಕು ರಕ್ತಕ್ಕೆ ಇಳಿದಿತ್ತು. ಆ ಕ್ರಿಮಿ ಯಾವ ಆ್ಯಂಟಿಬಯಾಟಿಕ್ಕಿಗೂ ಬಗ್ಗಲಿಲ್ಲ, ಡಾಕ್ಟರು ಕೈಚೆಲ್ಲಿದರು.

ಅದೇ ಕ್ರಿಮಿಯನ್ನು ಲ್ಯಾಬಿನ ಗಾಜಿನ ತಟ್ಟೆಯಲ್ಲಿ ಬೆಳೆಸಿ, ನನ್ನ ಬಳಿಯಿದ್ದ ಬ್ಯಾಕ್ಟೀರಿಯಾಗಳನ್ನೆಲ್ಲ ಅದರ ಮೇಲೆ ಬಿಟ್ಟೆ. ಮರುದಿನ ನೋಡಿದರೆ ಒಂದರ ಸುತ್ತ ಮಾತ್ರ ಕ್ರಿಮಿ ಸತ್ತು ತಿಳಿಯಾದ ಉಂಗುರ ಮೂಡಿತ್ತು. ಅದು ಭಾವನ ಹೊಲದ್ದೇ. ಖುಷಿ ತಡೆಯಲಾರದೆ ಫೋಟೋ ತೆಗೆದುಕೊಂಡು ಆಸ್ಪತ್ರೆಗೆ ಓಡಿ ಅಕ್ಕನಿಗೆ ತೋರಿಸಿದೆ.

“ತಂದು ಆಕು ಮತ್ತೆ. ಯಾಕ್ ನಿಂತ್ಕಂಡೆ?” ಎಂದಳು.

“ಇದಿನ್ನೂ ಔಷ್ದಿ ಅಲ್ಲ ಕಣಕ್ಕ. ಮನುಷ್ಯನ್ನೂ ಕೊಲ್ಲುತ್ತೋ ಏನೋ. ತಿಳ್ಕಳಕ್ಕೆ ವರ್ಷಗಟ್ಲೆ ಬೇಕು.”

“ವರ್ಷ ಎಲ್ಲೈತ್ಲಾ ಅವ್ರಿಗೆ?”

ನನಗೆ ಮೈಯೆಲ್ಲ ಉರಿಯಿತು. ನೆಗಡಿಗೂ ಆ್ಯಂಟಿಬಯಾಟಿಕ್ ಕೊಡುವ ಅಂಗಡಿಗಳ ಮೇಲೆ, ಅದನ್ನು ಅರ್ಧಕ್ಕೇ ಬಿಡುವ ನಮ್ಮ ಜನರ ಮೇಲೆ, ಲ್ಯಾಬಿನಲ್ಲಿ ಸುಮ್ಮನೆ ಕೂತಿದ್ದ ಆ ತಟ್ಟೆಯ ಮೇಲೂ ಸಿಟ್ಟು. ಅಕ್ಕ ಮತ್ತೆ ಮತ್ತೆ ಕೇಳಿದಳು, ಕೈ ಹಿಡಿದು ಕೇಳಿದಳು. ನಾನು ಕೊಡಲಿಲ್ಲ. ಆ ವಾರವೇ ಭಾವ ತೀರಿಕೊಂಡರು.

ತಿಥಿ ಮುಗಿದ ಮೇಲೆ ಆ ಬ್ಯಾಕ್ಟೀರಿಯಾದ ರಸವನ್ನು ಮನುಷ್ಯನ ರಕ್ತದ ಜೊತೆ ಸೇರಿಸಿ ನೋಡಿದೆ. ರಕ್ತಕಣಗಳೆಲ್ಲ ಒಡೆದುಹೋದವು. ಕೊಟ್ಟಿದ್ದರೆ ನನ್ನ ಕೈಯಾರೆ ಭಾವನನ್ನು ಕೊಂದಂತಾಗುತ್ತಿತ್ತು. ಎದೆಯ ಭಾರ ಇಳಿದಂತಾಗಿ, ಅದನ್ನು ಹೇಳಲೆಂದೇ ಬಸ್ಸು ಹತ್ತಿ ಅಕ್ಕನ ಮನೆಗೆ ಹೋದೆ.

ಅಕ್ಕ ಅಕ್ಕಿ ಆರಿಸುತ್ತ, ತಲೆಯೆತ್ತದೆ ಎಲ್ಲವನ್ನೂ ಕೇಳಿಸಿಕೊಂಡಳು.

“ಕೊಟ್ಟಿದ್ರೂ ಸಾಯೋರು ಅಂತೀಯ. ಸರಿ ಕಣ್ಲಾ, ನಂಬ್ತೀನಿ,” ಎಂದಳು. “ಆಸ್ಪತ್ರೆಯೋರು ಆಗಲ್ಲ ಅಂದಾಗ ನಾನು ಮನಸ್ಸು ಗಟ್ಟಿ ಮಾಡ್ಕಂಡಿದ್ದೆ. ಆ ಪೋಟ ಯಾಕ್ ತೋರಿಸ್ದೆ?”