ಗುಡ್ಡದ ಕಲ್ಲಿನ ಬಾವಿಕಟ್ಟೆ

ಮೊನ್ನೆ ಭಟ್ಕಳ ಪೇಟೆಯಲ್ಲಿ ಒಂದು ಮೊಳ ಮಲ್ಲಿಗೆಗೆ ಅರವತ್ತು ರೂಪಾಯಿ ಕೊಟ್ಟೆ. ಹೂವಿನವನು ಎಂಬತ್ತು ಹೇಳಿದ್ದ, ಇಳಿಸಿದೆ. ಮದುವೆ ಸೀಸನ್ನು, ಹೂವು ದೂರದಿಂದ ಬರಬೇಕು, ಬಾಡಿಗೆಯೂ ಅದರೊಳಗೇ ಸೇರಿದೆ ಎಂದ. ಅವನು ಹೇಳದೆ ಬಿಟ್ಟ ಕಾರಣ ನನಗೆ ಗೊತ್ತಿತ್ತು: ಒಂದು ಕಾಲಕ್ಕೆ ಆ ಹೂವು ದೂರದಿಂದ ಬರುತ್ತಿರಲಿಲ್ಲ, ನಮ್ಮ ಹಿತ್ತಲಿನಿಂದ ಬರುತ್ತಿತ್ತು. ಬಾಳೆಲೆಯ ಕಟ್ಟು ಬಿಚ್ಚಿದೊಡನೆ ತಣ್ಣನೆಯ ಮೊಗ್ಗಿನ, ಹಸಿ ಬಾಳೆನಾರಿನ ವಾಸನೆ ಎದ್ದಿತು. ಅದರ ಜೊತೆಗೆ ಬರಬೇಕಾಗಿದ್ದ ಇನ್ನೊಂದು ವಾಸನೆ, ಬಾವಿಯಿಂದ ಆಗಷ್ಟೇ ಮೇಲೆ ಬಂದ ಹಗ್ಗದ ವಾಸನೆ, ಬರಲಿಲ್ಲ. ಅದು ಯಾವ ಪೇಟೆಯಲ್ಲೂ ಸಿಗುವುದಿಲ್ಲ.

ಭಟ್ಕಳದಿಂದ ಶಿರಾಲಿಗೆ ಹೋಗುವಾಗ ಬಲಕ್ಕೆ ತಿರುಗಿದರೆ ಗುಡ್ಡದ ಬುಡದಲ್ಲಿ ನಮ್ಮ ಮನೆ ಇತ್ತು. ಮನೆಯ ಯಜಮಾನಿಕೆ ಅಪ್ಪನದಲ್ಲ, ಅವನ ಅಕ್ಕ ದೇವಮ್ಮತ್ತೆಯದು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು ಹಿತ್ತಲಲ್ಲಿ ಮಲ್ಲಿಗೆ ಬಳ್ಳಿ ಹಬ್ಬಿಸಿ, ಬೆಳಿಗ್ಗೆ ಮೊಗ್ಗು ಕೊಯ್ದು, ಮಾಲೆ ಕಟ್ಟಿ ಮೊದಲ ಬಸ್ಸಿಗೆ ಕೊಟ್ಟು ನಮ್ಮೆಲ್ಲರನ್ನೂ ಸಾಕಿದಳು. ಸಂಜೆ ಬಳ್ಳಿಗಳಿಗೆ ನೀರು ಸೇದಿ ಮುಗಿಸಿದ ಮೇಲೆ ಹಗ್ಗವನ್ನು ತುದಿಯಿಂದ ಮೇಲಕ್ಕೆ ಮುಷ್ಟಿಯಲ್ಲಿ ಎಳೆದುಕೊಳ್ಳುತ್ತ ಹೋಗುವಳು. ಎಲ್ಲಿಗೆ ಒದ್ದೆ ನಿಂತು ಒಣಹಗ್ಗ ಕೈಗೆ ಹತ್ತುತ್ತದೋ ಅಲ್ಲಿ ನಿಂತು, "ಇನ್ನೂ ಉಂಟು" ಎಂದು ತನಗೆ ತಾನೇ ಹೇಳಿಕೊಳ್ಳುವಳು; ಹಗ್ಗ ಒದ್ದೆಯಾದಷ್ಟು ಉದ್ದ ಬಾವಿಯಲ್ಲಿ ನೀರು. ಚೈತ್ರದಲ್ಲೂ ಉಂಟು ಎನ್ನುತ್ತಿದ್ದಳು. ನಾನು ಅವಳ ಸೆರಗಿನ ಹಿಂದೆಯೇ ವ್ಯಾಪಾರ ಕಲಿತವನು. ಹೂವಿನ ದಲ್ಲಾಳಿಗಳ ಎದುರು ಬೆಲೆ ಹೇಳಲು ಅವಳು ಮೊದಲು ಬಾಯಿ ಬಿಟ್ಟದ್ದನ್ನು ನಾನು ನೋಡಿಲ್ಲ.

ಕೊಂಕಣ ರೈಲು ಓಡಲು ಶುರುವಾದ ಹೊಸತು. ಭಟ್ಕಳದಲ್ಲಿ ಕೊಲ್ಲಿ ದೇಶಗಳ ದುಡ್ಡಿನ ಮನೆಗಳು ಏಳುತ್ತಿದ್ದವು, ಮನೆಗಳಿಗೆ ಗುಡ್ಡದಿಂದ ಕಡಿದು ತೆಗೆಯುವ ಕೆಂಪು ಚಿರೆಕಲ್ಲು ಬೇಕಿತ್ತು. ನಮ್ಮ ಗುಡ್ಡದ ನೆತ್ತಿಯನ್ನು ಗುತ್ತಿಗೆಗೆ ಹಿಡಿದವನೊಬ್ಬ ಕುಮಟಾ ಕಡೆಯಿಂದ ಜೀಪಿನಲ್ಲಿ ಬಂದ. ಗುಡ್ಡ ನಮ್ಮದಲ್ಲ. ಆದರೆ ಲಾರಿ ಇಳಿಯಲು ಇದ್ದ ಒಂದೇ ದಾರಿ ನಮ್ಮ ಹಿತ್ತಲ ಅಂಚಿನದು. ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು, ಆಮೇಲೆ ಮಾತು. ಅವನು ಜಗಲಿಯಲ್ಲಿ ಕೂತು ಚೊಂಬು ಎತ್ತಿ ಗಟಗಟ ಕುಡಿದ.

"ಎಂತಾ ನೀರು ಅಕ್ಕಾ! ಎಳನೀರು ಕುಡ್ದಂಗೆ ಆತು."

"ನೀರು ಹೊಗಳೂಕೆ ಜೀಪು ಹತ್ತಿ ಬಂದ್ಯಾ? ಬಂದದ್ದು ಎಂತಕ್ಕೆ, ಅದು ಹೇಳು" ಎಂದಳು ಅತ್ತೆ.

ದಾರಿ ಎಂದ. ಅವನು ಬರುವ ಸುದ್ದಿ ಕೇಳಿ ಅತ್ತೆ ಹಿಂದಿನ ದಿನವೇ ಎಲ್ಲ ಯೋಚಿಸಿಟ್ಟಿದ್ದಳು. ಧೂಳು ಮಲ್ಲಿಗೆಯ ಮೇಲೆ ಕೂರಬಾರದು, ಚಪ್ಪರದ ಆಚೆ ತಟ್ಟಿ ಕಟ್ಟಬೇಕು. ಮದ್ದು ಹಾಕಿ ಸಿಡಿಸುವ ಹಾಗಿಲ್ಲ. ಹಣ ಬೇಡ, ಹಣ ಕರಗುತ್ತದೆ. ನಮ್ಮ ಬಾವಿಗೆ ಮಣ್ಣಿನ ದಂಡೆ, ಮಳೆಗಾಲದಲ್ಲಿ ಕುಸಿಯುತ್ತದೆ. ಅದಕ್ಕೆ ಗುಡ್ಡದ ಒಳ್ಳೆಯ ಕಲ್ಲಿನಿಂದ ಕಟ್ಟೆ ಕಟ್ಟಿಸಿ ಕೊಡಬೇಕು, ರಾಟೆಗೆ ಕಂಬ, ಬಟ್ಟೆ ಒಗೆಯುವ ಕಲ್ಲು. ಒಂದೊಂದಕ್ಕೂ ಜಗ್ಗಾಡಲು ಅವಳು ಸೊಂಟ ಕಟ್ಟಿ ಕೂತಿದ್ದಳು. ಅವನು ಒಂದೊಂದಕ್ಕೂ "ಆತು" ಎಂದ. ಒಗೆಯುವ ಕಲ್ಲಿಗೂ ಆತು. ಅವನು ಹೋದ ಮೇಲೆ ಅತ್ತೆ ಗೆದ್ದವಳ ಹಾಗೆ ನಗಲಿಲ್ಲ. ಖಾಲಿ ಚೊಂಬನ್ನು ತಿಕ್ಕಲು ಕೂತಳು. ಅಪ್ಪನೇ ನಕ್ಕದ್ದು.

ಅವನು ಮೋಸ ಮಾಡಲಿಲ್ಲ. ಇದನ್ನು ನಾನು ಯಾರಿಗೆ ಹೇಳಿದರೂ ನಂಬುವುದಿಲ್ಲ. ತಟ್ಟಿ ಕಟ್ಟಿಸಿದ, ಮದ್ದು ಹಾಕಲಿಲ್ಲ, ಕಟ್ಟೆ ಏಳಿಸಿದ. ಹೊಸದಾಗಿ ಕಡಿದ ಕಲ್ಲು ಅರಿಶಿನ ಕುಂಕುಮ ಕಲಸಿದ ಬಣ್ಣದಲ್ಲಿ ಹೊಳೆಯುತ್ತಿತ್ತು. ನೀರು ಬಿದ್ದರೆ ಮೊದಲ ಮಳೆಯ ವಾಸನೆ ಬರುತ್ತಿತ್ತು. ನಮ್ಮ ಬಾವಿಯಿಂದಲೇ ನೀರು ಒಯ್ಯುತ್ತಿದ್ದ ನೆರೆಮನೆಯ ದುರ್ಗಕ್ಕ ಕೊಡಪಾನ ಕಟ್ಟೆಯ ಮೇಲಿಡಲು ಹಿಂದೆಮುಂದೆ ನೋಡಿದಳು: "ಇದು ಬಾವಿಯೋ ಅರಮನೆಯೋ ಮಾರಾಯ್ತಿ? ನನ್ನ ಸೊಟ್ಟ ಕೊಡಪಾನಕ್ಕೆ ನಾಚ್ಕೆ ಆಗ್ತದೆ."

ಮೇಲೆ ಮೆಷಿನ್ನು ದಿನವಿಡೀ ಕಿರುಚುತ್ತಿತ್ತು. ಚಿರೆಕಲ್ಲು ತೂತು ತೂತಿನ ಕಲ್ಲು. ಮಳೆಗಾಲವೆಲ್ಲ ಕುಡಿದು ಬೇಸಿಗೆಯಲ್ಲಿ ನಿಧಾನಕ್ಕೆ ಕೆಳಗೆ ಬಿಡುತ್ತದೆ. ನಮ್ಮ ಬಾವಿಯ ನೀರು ಬಾವಿಯಲ್ಲಿರಲಿಲ್ಲ, ಗುಡ್ಡದಲ್ಲಿತ್ತು. ಅವರು ಕಲ್ಲು ಮುಗಿಸಿ ಅದರಡಿಯ ಬಿಳಿ ಶೇಡಿ ಮಣ್ಣಿನವರೆಗೂ ಇಳಿದರು. ಆ ವರ್ಷದ ಮಳೆ ಗುಡ್ಡದಲ್ಲಿ ನಿಲ್ಲದೆ ಶೇಡಿಯನ್ನು ಕೊಚ್ಚಿಕೊಂಡು ಇಳಿಯಿತು. ದೀಪಾವಳಿಗೆ ನೀರು ತುಂಬುವ ಹಬ್ಬದ ದಿನ ಅತ್ತೆ ಎಂದಿನಂತೆ ಹಂಡೆ ತಿಕ್ಕಿ, ಹೊರಗೆ ಶೇಡಿಯ ಗೆರೆ ಎಳೆದು, ಕಂಠಕ್ಕೆ ಹಿಂಡಲಕಾಯಿ ಬಳ್ಳಿ ಸುತ್ತಿ, ಬಾವಿಗೆ ಪೂಜೆ ಮಾಡಿ ಸೇದಿದಳು. ಮೇಲೆ ಬಂದದ್ದು ಮಜ್ಜಿಗೆಯ ಬಣ್ಣದ ನೀರು. ಹಂಡೆಯ ಹೊರಗೆ ಬಳಿಯುವ ಶೇಡಿ ಅದರ ಒಳಗೇ ಬಂದಿತ್ತು. ಹಬ್ಬದ ದಿನ ಅಶುಭ ಆಡಬಾರದು. ಆ ನೀರಿನಲ್ಲೇ ಮಿಂದೆವು.

ಬೇಸಿಗೆಯಲ್ಲಿ ಕೊಡಪಾನ ತಳದ ಬಂಡೆಗೆ ಠಣ್ ಎಂದು ಬಡಿಯಿತು. ಅತ್ತೆ ಹಗ್ಗವನ್ನು ಮುಷ್ಟಿಯಲ್ಲಿ ಎಳೆದಳು, ಒದ್ದೆಯೇ ಸಿಗಲಿಲ್ಲ. ದಾರಿಗೆ ಅಡ್ಡಲಾಗಿ ಒಂದು ಮರದ ದಿಮ್ಮಿ ಉರುಳಿಸಿ ಅದರ ಮೇಲೆ ಕೂತಳು. ಜೀಪು ಬಂತು. ಅವನು ಸಿಟ್ಟು ಮಾಡಲಿಲ್ಲ.

"ಅಕ್ಕಾ, ನೀವು ಕೇಳಿದ್ರಲ್ಲಿ ಯಾವ್ದು ಕೊಡ್ಲಿಲ್ಲ ಹೇಳಿ."

ಅತ್ತೆ ಎದ್ದು ದಾರಿ ಬಿಟ್ಟಳು. ಅವಳು ಮಾತಿನಲ್ಲಿ ಸೋತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅವನಿಗೂ ಅಲ್ಲಿ ಹೆಚ್ಚು ಕೆಲಸ ಉಳಿದಿರಲಿಲ್ಲ; ಮಳೆಗೆ ಮೊದಲೇ ಮೆಷಿನ್ನು ಇನ್ನೊಂದು ಗುಡ್ಡಕ್ಕೆ ಹೋಯಿತು.

ಬಳ್ಳಿಗಳು ಎರಡು ಬೇಸಿಗೆ ಎಳೆದಾಡಿ ಒಣಗಿದವು. ಅತ್ತೆ ಪೇಟೆಗೆ ಹೋಗಿ ಬೇರೆಯವರ ಹೂವನ್ನು ಕೂಲಿಗೆ ಕಟ್ಟಿದಳು, ಬೆರಳು ಬಾಗುವವರೆಗೂ. ನಾವು ನಲ್ಲಿ ಇರುವ ಕಡೆ ಎಂದು ಕುಮಟಾದ ಬಾಡಿಗೆ ಮನೆಗೆ ಬಂದೆವು; ಅವಳು ತೀರಿಕೊಂಡದ್ದೂ ಅಲ್ಲೇ. ಮನೆಯ ಮಾಡು ಬಿದ್ದಿದೆ. ಕಟ್ಟೆ ಮಾತ್ರ ಒಂದು ಕಲ್ಲೂ ಅಲುಗದೆ ನಿಂತಿದೆ. ಗುಡ್ಡದಲ್ಲಿದ್ದಿದ್ದರೆ ನೀರು ಹಿಡಿಯುತ್ತಿದ್ದ ಕಲ್ಲುಗಳು ಖಾಲಿ ಗುಂಡಿಗೆ ಕಾವಲು ಕೂತಿವೆ.

ಹಳೇ ಮರಮುಟ್ಟು ಕೊಂಡು ಮಾರಿ ಬದುಕಿದವನು ನಾನು, ನನ್ನ ಮಾತು ಕೇಳಿ. ನಿಮ್ಮ ಬಾವಿಯ ಮೇಲಿನ ನೆಲವನ್ನು ಯಾರಾದರೂ ಅಗೆಯಲು ಬಂದರೆ ಬೆಲೆಯ ಮಾತು ಎತ್ತಬೇಡಿ. ಎಷ್ಟು ಆಳ, ಎಲ್ಲಿಗೆ ನಿಲ್ಲಿಸುತ್ತಾನೆ, ಮಳೆನೀರು ಎಲ್ಲಿಗೆ ಹೋಗುತ್ತದೆ, ಬಾವಿ ಇಳಿದರೆ ಕೆಲಸ ನಿಲ್ಲಿಸುತ್ತಾನೋ ಇಲ್ಲವೋ ಕೇಳಿ. ಕೇಳಿದ್ದನ್ನು ಪಂಚಾಯತಿಯ ಎದುರು ಬರೆಸಿ. ಗುಡ್ಡ ನಿಮ್ಮದಲ್ಲ ಎಂದು ಬಾಯಿ ಮುಚ್ಚಿಕೊಳ್ಳಬೇಡಿ, ನೀರು ನಿಮ್ಮದು. ನೀವು ಕೇಳಿದ್ದಕ್ಕೆಲ್ಲ ಅವನು ಜಗ್ಗಾಡದೆ ಆತು ಆತು ಎನ್ನುತ್ತಿದ್ದರೆ, ಕೇಳಬೇಕಾದದ್ದನ್ನು ನೀವು ಇನ್ನೂ ಕೇಳಿಲ್ಲ ಎಂದು ತಿಳಿಯಿರಿ. ಬೆಲ್ಲ ಕೊಡಿ, ನೀರು ಕೊಡಿ, ನಾಳೆ ಬಾ ಎಂದು ಕಳಿಸಿ. ಆಮೇಲೆ ಬಾವಿಗೆ ಹೋಗಿ ಒಂದು ಕೊಡ ಸೇದಿ, ಹಗ್ಗವನ್ನು ಮುಷ್ಟಿಯಲ್ಲಿ ಮೆಲ್ಲಗೆ ಎಳೆಯಿರಿ. ಒದ್ದೆ ಕೈಗೆ ಹತ್ತುತ್ತಿರುವಾಗಲೇ ಯೋಚನೆ ಮಾಡಿ.