ಕೆತ್ತದೆ ಬಿಟ್ಟ ಎಸಳು

ಕಂಬದ ಬುಡದ ಕಮಲದಲ್ಲಿ ಒಂದು ಎಸಳು ಅರಳಿರಲಿಲ್ಲ. ಉಳಿದವಕ್ಕೆ ನರ, ಮಡಿಕೆ, ತುದಿಯ ಬಾಗು ಎಲ್ಲವೂ ಇದ್ದವು. ಇದೊಂದು ಮಾತ್ರ ಗೀರು ಎಳೆದು ಬಿಟ್ಟ ಒರಟು ಸಾಗವಾನಿ.

ಸವದತ್ತಿ ಹತ್ತಿರದ ಹಳ್ಳಿಯ ಆ ಹಳೆಯ ವಾಡೆಯನ್ನು, ಕೆತ್ತನೆ ಕಂಬಗಳ ದೊಡ್ಡ ಮನೆಯನ್ನು, ನೋಡಲು ಭಾನುವಾರ ನಾನು ಪಾಠ ಮಾಡುವ ಬೈಲಹೊಂಗಲದ ಕಾಲೇಜಿನ ಉಳಿದ ಅಧ್ಯಾಪಕರೊಂದಿಗೆ ಹೋಗಿದ್ದೆ. ಆ ಕಂಬಗಳನ್ನು ಕೆತ್ತಿದವನು ನನ್ನ ಅಪ್ಪನ ಅಜ್ಜ ಎಂದು ಯಾರಿಗೂ ಹೇಳಿರಲಿಲ್ಲ.

ಸಿರಸಂಗಿಯ ನಮ್ಮ ಬಡಿಗರ ಮನೆಯಲ್ಲಿ ಒಂದು ಪದ್ಧತಿ ಇದೆ. ಕೆಲಸ ಮಾಡಿಸಿದ ಮನೆಯೊಡೆಯ ಎರಡೂ ಕೈಯಿಂದ ಧೋತರದ ಉಡುಗೊರೆ ಕೊಟ್ಟ ಮೇಲೆಯೇ ಕೊನೆಯ ಎಸಳನ್ನು ಕೆತ್ತುವುದು. ಈ ವಾಡೆಯ ಅಂದಿನ ಒಡೆಯ ಧೋತರವನ್ನು ಹೊಸ್ತಿಲ ಒಳಗೆ ನಿಂತು ಅಂಗಳಕ್ಕೆ ಎಸೆದನಂತೆ. ಅಜ್ಜ ಅದನ್ನು ಮಣ್ಣಿನಲ್ಲೇ ಬಿಟ್ಟು, ಉಳಿಗಳನ್ನು ಕಟ್ಟಿಕೊಂಡು ಊರಿಗೆ ನಡೆದುಬಿಟ್ಟ.

ಈಗಿನ ಯಜಮಾನರಿಗೆ ಬೇರೆಯೇ ಕತೆ ಗೊತ್ತಿತ್ತು.

"ಆ ಬಡಿಗ್ಯಾ ಕುಡಕ ಇದ್ದನಂತ್ರಿ. ಕೆಲಸ ಅರ್ಧಾ ಬಿಟ್ಟು ಓಡಿಹೋದ."

"ಕುಡಕನ ಕೈಯಾಗ ಇಷ್ಟು ಸಣ್ಣ ಬಳ್ಳಿ ಬರತಾವೇನ್ರಿ, ಕಾಕಾರ?" ಎಂದೆ.

"ಕುಡದಾಗನ ಕೈ ಚಲೋ ಓಡತಿತ್ತೋ ಏನೋ, ಯಾಂವ ಬಲ್ಲ ತಂಗಿ!"

ಎಲ್ಲರೂ ನಕ್ಕರು. ನಾನು ಕಂಬವನ್ನೇ ನೋಡುತ್ತಿದ್ದೆ. ಅದರ ಎದುರಿಗೇ ಅವರ ಊಟದ ಪಡಸಾಲೆ. ತಲೆಮಾರುಗಳಿಂದ ಈ ಮನೆಯವರು ತುತ್ತು ಎತ್ತುವಾಗಲೆಲ್ಲ ಆ ಎಸಳನ್ನು ಕಂಡಿರಬೇಕು. ನನಗೆ ತೃಪ್ತಿಯಾಯಿತು.

"ಮೊಮ್ಮಗಳ ಲಗ್ನ ಐತ್ರಿ, ವಿಡಿಯೋದಾಗ ಈ ಎಸಳು ಅಸಹ್ಯ ಕಾಣತೈತಿ," ಎಂದು ಅವರು ಮುಂದುವರಿಸಿದರು. "ನಾಳೆ ಸಿರಸಂಗಿಯಿಂದ ಒಬ್ಬಾಂವ ಬಂದು ಪೂರಾ ಮಾಡತಾನ."

ಸಂಜೆ ಮನೆಗೆ ಬಂದಾಗ ಅಪ್ಪ ಕಟ್ಟೆಯ ಮೇಲೆ ಕುಳಿತು ಉಳಿ ಮಸೆಯುತ್ತಿದ್ದರು. ಅಜ್ಜನ ಕಾಲದ ಅರ್ಧಚಂದ್ರದ ಸಣ್ಣ ಉಳಿ. ಎಸಳಿನ ಆ ಬಾಗು ಮನೆಯ ಬೇರೆ ಯಾವ ಉಳಿಗೂ ಬರುವುದಿಲ್ಲ.

"ನೀವೇನು ನಾಳೆ ಹೋಗಾವ್ರು?"

"ನಿನಗ ಸಿಟ್ಟು ಬರತೈತಂತ ಹೇಳಲಿಲ್ಲವ್ವಾ."

"ಧೋತರ ಕೊಡತಾರಂತೇನು?"

"ಈಗ ಯಾರು ಕೊಡತಾರ? ಒಂದು ತಾಸಿನ ಕೆಲಸ."

"ನಿಮ್ಮ ಅಜ್ಜಗ ಕುಡಕ ಅಂತಾರ ಅಪ್ಪಾ ಅಲ್ಲಿ. ಮಂದೀ ಮುಂದ, ನಕ್ಕೋತ."

ಅವರು ಉಳಿಯ ಅಲಗನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದರು. ಮತ್ತೆ ಮಸೆಯತೊಡಗಿದರು. "ಎಸಳು ಪೂರಾ ಆದ್ರ ಆ ಮಾತೂ ಮುಗೀತು."

ಮುಗಿಯುವುದೇ ನನಗೆ ಬೇಡವಾಗಿತ್ತು. ಅಜ್ಜನಿಗಾದ ಅವಮಾನಕ್ಕೆ ಆ ವಾಡೆಯಲ್ಲಿ ಉಳಿದಿರುವ ಉತ್ತರ ಅದೊಂದೇ. ಅದನ್ನು ನಮ್ಮ ಕೈಯಿಂದಲೇ ಕೆತ್ತಿ ಅಳಿಸಬೇಕೆ? ವಿಡಿಯೋದಲ್ಲಿ ಅಸಹ್ಯವಾಗಿಯೇ ಕಾಣಲಿ.

ಮರುದಿನ ಬೆಳಿಗ್ಗೆ ಅಪ್ಪ ಜಳಕಕ್ಕೆ ಹೋದಾಗ ಅವರ ಚೀಲದಿಂದ ಆ ಉಳಿಯನ್ನು ತೆಗೆದೆ. ಕರವಸ್ತ್ರದಲ್ಲಿ ಸುತ್ತಿ, ನನ್ನ ಊಟದ ಡಬ್ಬಿಯ ಕೆಳಗಿಟ್ಟುಕೊಂಡು ಬೈಲಹೊಂಗಲದ ಬಸ್ಸು ಹತ್ತಿದೆ. ದಾರಿಯಲ್ಲಿ ಅಪ್ಪನ ಫೋನು ಬಂತು. ಎತ್ತಲಿಲ್ಲ. ಮೊದಲನೇ ತರಗತಿಗೆ ಸರಿಯಾದ ಹೊತ್ತಿಗೆ ಹೋಗಿ ಪಾಠ ಮಾಡಿದೆ.